ಕೊಲೆಯನ್ನು ತೋರಿಸದೆ ನಡುಕ ಹುಟ್ಟಿಸಿದ ಫ್ರಿಟ್ಜ್ ಲ್ಯಾಂಗ್

ಜರ್ಮನ್ ಥ್ರಿಲ್ಲರ್ ಚಿತ್ರಗಳ ಮಾತು ಬಂದಾಗಲೆಲ್ಲ ಚಿತ್ರರಸಿಕರು ನೆನೆಯುವ ಹೆಸರು ಫ್ರಿಟ್ಜ್ ಲ್ಯಾಂಗ್. 1890ರ ಡಿಸೆಂಬರ್ 5ರಂದು ವಿಯೆನ್ನಾದಲ್ಲಿ ಜನಿಸಿದ ಅವರು ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡರು. ಬಳಿಕ ಬರ್ಲಿನ್‌ನಲ್ಲಿ ಚಿತ್ರರಂಗ ಪ್ರವೇಶಿಸಿದರು.

1927ರ ಮೂಕಿಚಿತ್ರ 'ಮೆಟ್ರೊಪೊಲಿಸ್' ಅವರಿಗೆ ಹೆಸರು ತಂದಿತು. ಆದರೆ ಅವರ ಪ್ರತಿಭೆ ಪೂರ್ಣವಾಗಿ ಬೆಳಗಿದ್ದು 1931ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಎಂ'ನಲ್ಲಿ. ಮಕ್ಕಳ ಹಂತಕನ ಕಥೆಯಾದರೂ ಅದರಲ್ಲಿ ಒಂದು ಕೊಲೆಯೂ ಕಣ್ಣಿಗೆ ಬೀಳದು. ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿದ ಬಲೂನು, ಮಗಳಿಗಾಗಿ ತಾಯಿ ಇಟ್ಟ ಖಾಲಿ ತಟ್ಟೆ ಎಲ್ಲವನ್ನೂ ಹೇಳಿಬಿಡುತ್ತವೆ. ಹಂತಕನ ಸಿಳ್ಳೆಯ ರಾಗದಿಂದಲೇ ಕುರುಡ ಬಲೂನು ವ್ಯಾಪಾರಿ ಅವನನ್ನು ಗುರುತಿಸುತ್ತಾನೆ. ಪೊಲೀಸರಿಗಿಂತ ಮೊದಲೇ ನಗರದ ಪಾತಕಿಗಳು ಅವನನ್ನು ಹಿಡಿದು ತಾವೇ ವಿಚಾರಣೆಗೆ ಕೂರುತ್ತಾರೆ. ಪೀಟರ್ ಲೊರೆ ಅಭಿನಯದ ಆ ಹಂತಕ ಗೋಗರೆಯುವಾಗ, ಅವನನ್ನು ದ್ವೇಷಿಸಬೇಕೋ ಗುಂಪಿನ ನ್ಯಾಯಕ್ಕೆ ಅಂಜಬೇಕೋ ತಿಳಿಯದೆ ಪ್ರೇಕ್ಷಕ ತೊಳಲಾಡುತ್ತಾನೆ.

ಆ ಅಂಜಿಕೆ ಎರಡೇ ವರ್ಷಗಳಲ್ಲಿ ನಿಜವಾಯಿತು. 1933ರಲ್ಲಿ ಅಧಿಕಾರಕ್ಕೇರಿದ ನಾಜಿಗಳು ಡಾಕ್ಟರ್ ಮಾಬುಸೆ ಕುರಿತ ಅವರ ಹೊಸ ಚಿತ್ರವನ್ನು ನಿಷೇಧಿಸಿದರು. ಯಹೂದಿ ಮೂಲದ ತಾಯಿಯ ಮಗನಾದ ಲ್ಯಾಂಗ್ ಅದೇ ವರ್ಷ ದೇಶ ತೊರೆದರು. ಅವರ ಚಿತ್ರಗಳಿಗೆ ಕಥೆ ಬರೆದ ಪತ್ನಿ ಥೆಯಾ ಫಾನ್ ಹಾರ್ಬೊ ಜರ್ಮನಿಯಲ್ಲೇ ಉಳಿದು ನಾಜಿ ಪಕ್ಷ ಸೇರಿದರು, ದಾಂಪತ್ಯ ಮುರಿಯಿತು.

ಅಮೆರಿಕದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ, 1936ರ 'ಫ್ಯೂರಿ'. ಅದರ ವಸ್ತುವೂ ನಿರಪರಾಧಿಯೊಬ್ಬನ ಮೇಲೆರಗುವ ಉದ್ರಿಕ್ತ ಗುಂಪೇ. 1959ರಲ್ಲಿ ತೆರೆಕಂಡ 'ಟೈಗರ್ ಆಫ್ ಎಶ್ನಾಪುರ್' ಚಿತ್ರಕ್ಕಾಗಿ ಉದಯಪುರಕ್ಕೂ ಬಂದಿದ್ದ ಲ್ಯಾಂಗ್, 1976ರ ಆಗಸ್ಟ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ಶಿಕ್ಷಿಸುವ ಹಕ್ಕು ಯಾರದೆಂಬ 'ಎಂ'ನ ಪ್ರಶ್ನೆ ಮಾತ್ರ ಇಂದಿಗೂ ಉಳಿದಿದೆ.