ಇಡೈಯಂಗುಡಿಯ ಬಿಷಪ್ ರಾಬರ್ಟ್ ಕಾಲ್ಡ್‌ವೆಲ್

ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳು ಒಡಹುಟ್ಟಿದವು ಎಂಬುದು ಇಂದು ಶಾಲಾ ಬಾಲಕರಿಗೂ ತಿಳಿದ ವಿಷಯ. ಇದನ್ನು ವಿಸ್ತಾರವಾಗಿ, ಪ್ರಮಾಣಸಹಿತವಾಗಿ ನಿರೂಪಿಸಿದವರು ಆಂಗ್ಲಿಕನ್ ಸಭೆಯ ಬಿಷಪ್ ರಾಬರ್ಟ್ ಕಾಲ್ಡ್‌ವೆಲ್. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಒಂದು ಸಣ್ಣ ಹಳ್ಳಿಯ ಮಂದೆಯನ್ನು ಸುಮಾರು ಅರ್ಧ ಶತಮಾನ ಕಾಯ್ದ ಆ ಕುರಿಗಾಹಿಯ ಬಾಳು ನಮಗೂ ಮನನಯೋಗ್ಯವಾಗಿದೆ.

1814ರಲ್ಲಿ ಐರ್ಲೆಂಡಿನಲ್ಲಿ ಸ್ಕಾಟಿಷ್ ಮನೆತನದಲ್ಲಿ ಜನಿಸಿದ ಅವರು ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಲಂಡನ್ ಮಿಷನ್ ಸಂಸ್ಥೆಯ ಪರವಾಗಿ 1838ರಲ್ಲಿ ಮದರಾಸಿಗೆ ಬಂದರು. 1841ರಲ್ಲಿ ಆಂಗ್ಲಿಕನ್ ಸಭೆಯಲ್ಲಿ ದೀಕ್ಷೆ ಪಡೆದು, ತಿರುನೆಲ್ವೇಲಿ ಸೀಮೆಯ ಇಡೈಯಂಗುಡಿಯಲ್ಲಿ ನೆಲಸಿದರು. ಅದು ಮರಳು ನೆಲ. ತಾಳೆಮರವೇ ಅಲ್ಲಿನ ಬಡಜನರ ಜೀವನಾಧಾರ. 1844ರಲ್ಲಿ ಅವರ ಕೈಹಿಡಿದ ಎಲೈಜಾ ಮಾಲ್ಟ್ ಅವರು ಹೆಣ್ಣುಮಕ್ಕಳಿಗೆ ಶಾಲೆ ನಡೆಸಿ, ಲೇಸ್ ಹೆಣಿಗೆಯನ್ನು ಕಲಿಸಿ, ಅನೇಕ ಕುಟುಂಬಗಳಿಗೆ ಆಸರೆಯಾದರು.

ಈ ಹಳ್ಳಿಯ ಸೇವೆಯ ನಡುವೆಯೇ ಅವರ ಪಾಂಡಿತ್ಯವೂ ಬೆಳೆಯಿತು. ನಮ್ಮ ಭಾಷೆಗಳು ಸಂಸ್ಕೃತಜನ್ಯವಲ್ಲವೆಂದು ಎಲ್ಲಿಸ್ ಎಂಬ ಅಧಿಕಾರಿ 1816ರಲ್ಲೇ ಸೂಚಿಸಿದ್ದರು. ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವು ಆ ವಿಚಾರಕ್ಕೆ ಭದ್ರವಾದ ತಳಹದಿಯನ್ನು ಒದಗಿಸಿತು. ನಮ್ಮ ಕಣ್ಣು ತಮಿಳರಿಗೆ ಕಣ್, ತೆಲುಗರಿಗೆ ಕನ್ನು. ಇಂತಹ ಸಾಮ್ಯವು ಶಬ್ದಗಳಲ್ಲಷ್ಟೇ ಅಲ್ಲ, ವ್ಯಾಕರಣದ ಕಟ್ಟಿನಲ್ಲಿಯೂ ಇದೆಯೆಂದು ಅವರು ತೋರಿಸಿಕೊಟ್ಟರು. 1875ರಲ್ಲಿ ಅದರ ಪರಿಷ್ಕೃತ ಆವೃತ್ತಿ ಹೊರಬಂದಿತು.

ಆದರೆ ಅದೇ ಲೇಖನಿಯಿಂದ ಒಂದು ನೋವೂ ಉಂಟಾಯಿತು. 1849ರಲ್ಲಿ, ತಾವು ಸೇವೆ ಸಲ್ಲಿಸುತ್ತಿದ್ದ, ಈಗ ನಾಡಾರರೆನಿಸಿಕೊಳ್ಳುವ ಜನರನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಅವರ ಬುದ್ಧಿಮತ್ತೆಯನ್ನೂ ಆಚಾರಗಳನ್ನೂ ಹೀನಾಯವಾಗಿ ಚಿತ್ರಿಸಿದರು. ಮಿಷನ್ ಶಾಲೆಗಳಲ್ಲಿ ಅಕ್ಷರ ಕಲಿತವರ ಮಕ್ಕಳೇ ಮುಂದೆ ಅದನ್ನೋದಿ ನೊಂದು ಬಲವಾಗಿ ಪ್ರತಿಭಟಿಸಿದರು. ಭಾಷೆಗೆ ಸಲ್ಲಿಸಿದ ಗೌರವವನ್ನು ಆ ಗ್ರಂಥದಲ್ಲಿ ಜನರಿಗೆ ಅವರು ಸಲ್ಲಿಸಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ.

1877ರಲ್ಲಿ ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು; ಮದರಾಸಿನ ಬಿಷಪ್ಪರಿಗೆ ಅವರು ಸಹಾಯಕರಾದರು. ಅದು 1876–78ರ ಭೀಕರ ಕ್ಷಾಮದ ಕಾಲ; ಹಸಿದವರಿಗೆ ನೆರವು ಒದಗಿಸುವ ಹೊಣೆ ಅವರ ಹೆಗಲೇರಿತು. ದಶಕಗಳ ಶ್ರಮದಿಂದ ಕಟ್ಟಿದ ಇಡೈಯಂಗುಡಿಯ ದೇವಾಲಯವು 1880ರಲ್ಲಿ ಪ್ರತಿಷ್ಠಾಪಿತವಾಯಿತು. 1891ರ ಆಗಸ್ಟ್ 28ರಂದು ಕೊಡೈಕೆನಾಲಿನಲ್ಲಿ ದೈವಾಧೀನರಾದ ಅವರ ಪಾರ್ಥಿವ ಶರೀರವನ್ನು ಅದೇ ದೇವಾಲಯದ ಪೀಠದಡಿ ಸಮಾಧಿ ಮಾಡಲಾಯಿತು.

ಮದರಾಸಿನ ಸಮುದ್ರತೀರದಲ್ಲಿ 1968ರಲ್ಲಿ ನಿಂತ ಪ್ರತಿಮೆ ಅವರ ಪಾಂಡಿತ್ಯಕ್ಕೆ ಸಂದ ಗೌರವ. ಹಳ್ಳಿಯ ಸಮಾಧಿಯಾದರೋ ಕುರಿಗಾಹಿಯ ನಿಷ್ಠೆಗೆ ಸಾಕ್ಷಿ. ಮಂದೆಯ ನಡುವೆ ಬಾಳಿದರೆ ಮಾತ್ರ ಸಾಲದು, ಅದನ್ನು ಕುರಿತು ಆಡುವ ಮಾತಿನಲ್ಲಿಯೂ ಪ್ರೀತಿಯಿರಬೇಕೆಂಬ ಎಚ್ಚರವನ್ನು ಅವರ ಜೀವನವು ಗುರುಗಳಿಗೂ ಭಕ್ತಾದಿಗಳಿಗೂ ನೀಡುತ್ತದೆ.