ಕಾಡಿನ ಪರ ನಿಂತ ಕಾರಂತಜ್ಜ

ನಮ್ಮ ಕಡೆಯ ಹಲವು ಕೊಂಕಣಿ ಮನೆತನಗಳಿಗೆ ಗೋವೆಯ ಫೋಂಡಾ ಹೊಸ ಊರಲ್ಲ. ಮಂಗೇಶಿ, ಶಾಂತಾದುರ್ಗಾ, ರಾಮನಾಥಿ ದೇವಳಗಳಿರುವುದು ಆ ತಾಲೂಕಿನಲ್ಲಿ. ಕುಲದೇವರ ದರ್ಶನಕ್ಕೆಂದು ಅಲ್ಲಿಗೆ ಹೋಗಿ ಬಂದವರು ನಮ್ಮ ನೆರೆಕರೆಯಲ್ಲೇ ಇದ್ದಾರೆ. ಅದೇ ಫೋಂಡಾದಲ್ಲಿ 1988ರ ಫೆಬ್ರವರಿಯಲ್ಲಿ ಬೇರೊಂದು ಬಗೆಯ ಯಾತ್ರೆ ಮುಗಿಯಿತು. 1987ರ ನವೆಂಬರ್ 1ರಂದು ಕನ್ಯಾಕುಮಾರಿಯಿಂದ ಒಂದು ತಂಡವೂ ಮಹಾರಾಷ್ಟ್ರದ ನವಾಪುರದಿಂದ ಇನ್ನೊಂದು ತಂಡವೂ ಹೊರಟು, ಸಹ್ಯಾದ್ರಿಯ ಉದ್ದಕ್ಕೂ ನಡೆದು, ಸುಮಾರು ನೂರು ದಿನಗಳ ಬಳಿಕ ಅಲ್ಲಿ ಕೂಡಿಕೊಂಡವು. ಅಣೆಕಟ್ಟು, ಗಣಿ, ಸ್ಥಾವರಗಳಿಗಾಗಿ ಘಟ್ಟದ ಕಾಡು ಕರಗುತ್ತಿರುವುದನ್ನು ಕಣ್ಣಾರೆ ಕಂಡು ಜನರಿಗೆ ತಿಳಿಸುವುದೇ ಪಶ್ಚಿಮಘಟ್ಟ ಉಳಿಸಿ ಎಂಬ ಆ ನಡಿಗೆಯ ಉದ್ದೇಶವಾಗಿತ್ತು.

ಆ ದಿನಗಳಲ್ಲಿ ಇದೇ ಮಾತನ್ನು ಗಟ್ಟಿಯಾಗಿ ಆಡುತ್ತಿದ್ದ ಕನ್ನಡಿಗರಲ್ಲಿ ಹಿರಿಯರೆಂದರೆ ಡಾ. ಶಿವರಾಮ ಕಾರಂತರು. ಆಗ ಅವರಿಗೆ 85 ವರ್ಷ. ಫೋಂಡಾಕ್ಕೆ ಹೋಗುವ ನಮ್ಮವರು ಕಾರವಾರದಲ್ಲಿ ದಾಟುವ ಕಾಳಿ ನದಿಯ ಮೇಲ್ಭಾಗದಲ್ಲಿ, ಕಾಡಿನ ನಡುವಣ ಕೈಗಾದಲ್ಲಿ, ಅಣುವಿದ್ಯುತ್ ಸ್ಥಾವರ ಕಟ್ಟುವುದನ್ನು ಅವರು ವಿರೋಧಿಸುತ್ತಿದ್ದರು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು ಕೋಟದಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಪುತ್ತೂರಿನ ಬಾಲವನದಲ್ಲಿ ನೆಲೆಸಿ ಮಕ್ಕಳ ಶಿಕ್ಷಣದಲ್ಲಿ ಹೊಸ ಪ್ರಯೋಗಗಳನ್ನು ನಡೆಸಿದರು. ಯಕ್ಷಗಾನದ ಅಧ್ಯಯನ ಮಾಡಿದರು, ಹತ್ತಾರು ಕಾದಂಬರಿಗಳನ್ನು ಬರೆದರು. ಮೂಕಜ್ಜಿಯ ಕನಸುಗಳು ಕಾದಂಬರಿಗಾಗಿ 1977ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಇಷ್ಟನ್ನು ನಮ್ಮ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಆದರೆ ಕಾಡಿನ ವಿಷಯದಲ್ಲಿ ಅವರು ತಳೆದ ನಿಲುವು ಪಾಠಪುಸ್ತಕದಲ್ಲಿ ಅಷ್ಟಾಗಿ ಬರುವುದಿಲ್ಲ.

ಮನುಷ್ಯ ಕಾಡಿಗೆ ಕಾಲಿಡಲೇಬಾರದೆಂಬುದು ಅವರ ವಾದವಾಗಿರಲಿಲ್ಲ. ಘಟ್ಟದ ತಪ್ಪಲಿನಲ್ಲಿ ಒಕ್ಕಲುತನ ಮಾಡಿ ಬಾಳಿದ ವೃದ್ಧ ದಂಪತಿಗಳನ್ನು ಬೆಟ್ಟದ ಜೀವದಲ್ಲಿಯೂ, ಮಲೆಕುಡಿಯರ ಬದುಕನ್ನು ಕುಡಿಯರ ಕೂಸಿನಲ್ಲಿಯೂ ಪ್ರೀತಿಯಿಂದ ಚಿತ್ರಿಸಿದವರು ಅವರು. ಕಾಡಿನೊಡನೆ ಹೆಣಗಿ ಬದುಕುವುದು ಬೇರೆ, ಆ ಕಾಡನ್ನು ಎಂದೂ ನೋಡದವರು ಅದರ ಹಣೆಬರಹ ಬರೆಯುವುದು ಬೇರೆ. ಈ ವ್ಯತ್ಯಾಸವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಉತ್ತರ ಕನ್ನಡದ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಕೃಷಿಕರು ಎದ್ದು ನಿಂತರು. ಅವರ ಬೆಂಬಲಕ್ಕೆ ನಿಂತವರಲ್ಲಿ ಕಾರಂತರೂ ಒಬ್ಬರು. ಆ ಕೃಷಿಕರು ಬರಿಯ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂಡಿಸಿ, ಮುಳುಗುವ ಕಾಡು ತೋಟಗಳ ಬೆಲೆಯೆಷ್ಟು, ಸಿಗುವ ವಿದ್ಯುತ್ತಿನ ಬೆಲೆಯೆಷ್ಟು ಎಂದು ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು.

ಕೈಗಾದಲ್ಲಿ ಹಾಗಾಗಲಿಲ್ಲ. ಕಾರಂತರು ಊರೂರು ತಿರುಗಿ ಮಾತನಾಡಿದರು. ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1989ರ ಲೋಕಸಭಾ ಚುನಾವಣೆಯಲ್ಲಿ, 87ನೆಯ ವಯಸ್ಸಿನಲ್ಲಿ, ಪರಿಸರದ ವಿಷಯವನ್ನೇ ಮುಂದಿಟ್ಟುಕೊಂಡು ಅದೇ ಜಿಲ್ಲೆಯ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಕಾಮಗಾರಿ ಮುಂದುವರಿಯಿತು. ಅವರನ್ನು ವಿಜ್ಞಾನದ ವಿರೋಧಿಯೆಂದು ಜರೆದವರೂ ಇದ್ದರು. ಕನ್ನಡದ ಮಕ್ಕಳಿಗಾಗಿ ಬಾಲಪ್ರಪಂಚವನ್ನೂ, ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚದ ಸಂಪುಟಗಳನ್ನೂ ಒಬ್ಬರೇ ಕುಳಿತು ಬರೆದವರಿಗೆ ಈ ಮಾತು ಹೇಗೆ ಒಪ್ಪುತ್ತದೆಂಬುದನ್ನು ಓದುಗರೇ ಯೋಚಿಸಬೇಕು.

1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿದು ಬಿತ್ತು. ಇಂಧನ ತುಂಬುವ ಮೊದಲೇ ಹೀಗಾದದ್ದು ಪುಣ್ಯ. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 2000ದಲ್ಲಿ ಅಲ್ಲಿ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಆರಂಭವಾಯಿತು. ನ್ಯಾಯವಾಗಿ ಹೇಳಬೇಕಾದರೆ, ಅಲ್ಲಿನ ಒಂದು ಘಟಕ 2018ರಲ್ಲಿ 962 ದಿನ ಬಿಡುವಿಲ್ಲದೆ ನಡೆದು ಜಗತ್ತಿನ ದಾಖಲೆ ಮಾಡಿತು. 2009ರಲ್ಲಿ ಅಲ್ಲಿಯ ಕುಡಿಯುವ ನೀರಿಗೆ ವಿಕಿರಣ ವಸ್ತು ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ಮೈ ಸೇರಿದ್ದೂ ನಿಜವೇ. ಎರಡನ್ನೂ ಲೆಕ್ಕದಲ್ಲಿ ಇಡಬೇಕು. ಎರಡೂ ಬದಿಯ ಲೆಕ್ಕ ಇಡದೆ ಕಾಡಿಗೆ ಕೈಹಾಕಬಾರದೆಂಬುದೇ ಬೇಡ್ತಿಯಲ್ಲಿ ಕಲಿತ ಪಾಠವಾಗಿತ್ತು.

ಈ ಪ್ರಶ್ನೆ ನಮ್ಮ ಘಟ್ಟಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಅಲಾಸ್ಕಾದಲ್ಲಿ ವನ್ಯಜೀವಿಗಳಿಗೆಂದು ಕಾದಿರಿಸಿದ ಹಿಮಪ್ರದೇಶದಲ್ಲಿ ಎಣ್ಣೆ ಬಾವಿ ಕೊರೆಯಬೇಕೇ ಬೇಡವೇ ಎಂಬ ಜಗಳ 1980ಕ್ಕೂ ಹಿಂದಿನಿಂದ ನಡೆದುಬಂದಿದೆ. ಹಿಮಸಾರಂಗಗಳು ಮರಿಹಾಕುವ ಜಾಗ ಅದು. ಅಲ್ಲಿಯೂ ಎಣ್ಣೆ ಉರಿಸುವವರು ಒಂದು ಕಡೆ, ಸಾರಂಗವನ್ನು ನಂಬಿ ಬದುಕುವ ಮೂಲನಿವಾಸಿಗಳು ಇನ್ನೊಂದು ಕಡೆ. ಎಣಿಕೆಯಲ್ಲಿ ಕಡಿಮೆಯಿರುವವರು ಈ ಎರಡನೆಯವರು.

ಕಡಿಮೆ ಸಂಖ್ಯೆಯವರ ಪಾಡು ಏನೆಂದು ಗಡಿನಾಡಿನ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ನಮ್ಮ ನೆಲ ಯಾವ ರಾಜ್ಯಕ್ಕೆ ಸೇರಬೇಕೆಂದು ನಮ್ಮನ್ನು ಕೇಳಿ ತೀರ್ಮಾನಿಸಿದ್ದಲ್ಲ. ಎಣ್ಮಕಜೆಯಂಥ ನಮ್ಮ ಗ್ರಾಮಗಳ ಗೇರುತೋಟಗಳ ಮೇಲೆ 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ, ಕೆಳಗಿದ್ದ ಬಾವಿ ಹಳ್ಳಗಳ ನೀರು ಕುಡಿಯುವವರನ್ನು ಯಾರೂ ಕೇಳಲಿಲ್ಲ. ಮೊದಮೊದಲು ಆಕ್ಷೇಪ ಎತ್ತಿದ ನಾಲ್ಕಾರು ಮಂದಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಅದರ ನೋವನ್ನು ಹೊತ್ತುಕೊಂಡಾಗಿತ್ತು.

ಆದ್ದರಿಂದ ಕಾರಂತರ ಜನ್ಮದಿನದಂದು ಅವರ ಪ್ರಶಸ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಲದೆಂದು ನಮಗೆ ತೋರುತ್ತದೆ. ಸೋಲುವುದು ಗೊತ್ತಿದ್ದರೂ 87ರ ಹರೆಯದಲ್ಲಿ ಮತ ಕೇಳಲು ಹೊರಟ ಆ ಅಜ್ಜನ ಕತೆಯನ್ನೂ ಮಕ್ಕಳಿಗೆ ಹೇಳೋಣ. ಇನ್ನು ಮುಂದೆ ಕುಲದೇವರ ದರ್ಶನಕ್ಕೆ ಹೋಗುವವರು ಕಾರವಾರದಲ್ಲಿ ಕಾಳಿಯನ್ನು ದಾಟುವಾಗ, ಈ ನೀರು ಯಾವ ಕಾಡಿನಿಂದ ಬಂತೆಂದು ಪಕ್ಕದಲ್ಲಿ ಕುಳಿತ ಮಗುವಿಗೆ ಒಮ್ಮೆ ತೋರಿಸಲಿ.