ತೊಟ್ಟಿ ಮಗುಚಿದ ಡಾಕ್ಟರ್: ರೊನಾಲ್ಡ್ ರಾಸ್

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ನಮ್ಮ ಬೆಂಗಳೂರಿನಲ್ಲೂ ಇದ್ದರು ಎಂಬುದು ನನಗೆ ಈ ವರ್ಷವಷ್ಟೇ ಗೊತ್ತಾಯಿತು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಮಗನಿಗೆ ಕವಿತೆ, ಸಂಗೀತದ ಹುಚ್ಚು. ಆದರೂ ತಂದೆಯ ಇಷ್ಟದಂತೆ ವೈದ್ಯಕೀಯ ಓದಿ, 1881ರಲ್ಲಿ ಸರ್ಕಾರಿ ವೈದ್ಯ ಸೇವೆಗೆ ಸೇರಿದರು.

1883ರಲ್ಲಿ ಅವರು ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಓಡಾಡುವುದನ್ನು ಕಂಡು ತೊಟ್ಟಿಯನ್ನು ಮಗುಚಿದರು. ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧ ಆಗ ಅವರಿಗೂ ತಿಳಿದಿರಲಿಲ್ಲ.

ಮುಂದೆ ಸಿಕಂದರಾಬಾದ್‌ನಲ್ಲಿ ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಒಂದು ಸೊಳ್ಳೆಗೆ ಒಂದು ಆಣೆ ಕೂಲಿ. 1897ರ ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಹೊಟ್ಟೆಯಲ್ಲಿ ರಾಸ್ ಮಲೇರಿಯಾ ಪರಾವಲಂಬಿಯನ್ನು ಕಂಡರು. ಮರುವರ್ಷ ಕಲ್ಕತ್ತಾದಲ್ಲಿ, ಸಹಾಯಕ ಮೊಹಮ್ಮದ್ ಬಕ್ಸ್ ಜೊತೆ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಕಡಿತದಿಂದಲೇ ಹರಡುತ್ತದೆ ಎಂದು ಸಾಬೀತು ಮಾಡಿದರು. 1902ರಲ್ಲಿ ನೊಬೆಲ್ ಬಹುಮಾನ ರಾಸ್‌ಗೆ ಬಂತು. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಅನಿಸುವುದು, ಆ ಆಣೆಗಳ ಲೆಕ್ಕವನ್ನೂ ನಾವು ಮರೆಯಬಾರದು.

ಔಷಧಿಯೊಂದನ್ನೇ ನಂಬದೆ ನಿಂತ ನೀರನ್ನು ತೆಗೆಯಬೇಕು ಎಂದು ರಾಸ್ ಊರೂರು ಸುತ್ತಿ ಹೇಳಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರ ನಂತರ ಕ್ಲೋರೋಕ್ವಿನ್ ಎಂಬ ಅಗ್ಗದ ಮಾತ್ರೆ ಬಂತು. ಮಲೇರಿಯಾದ ಕಥೆ ಮುಗಿಯಿತು ಎಂದು ಹಲವರು ನಂಬಿದರು. ಆದರೆ 1973ರಲ್ಲಿ ಅಸ್ಸಾಂನಲ್ಲಿ ಆ ಮಾತ್ರೆಗೆ ಬಗ್ಗದ ಮಲೇರಿಯಾ ಪತ್ತೆಯಾಯಿತು. ಕಾರಣ ಹೀಗಿದೆ: ರೋಗಿಯ ರಕ್ತದಲ್ಲಿ ಕೋಟಿಗಟ್ಟಲೆ ಪರಾವಲಂಬಿಗಳಿರುತ್ತವೆ. ಅವುಗಳಲ್ಲಿ ಕೆಲವು ಹುಟ್ಟುವಾಗಲೇ ಸ್ವಲ್ಪ ಬೇರೆ; ಒಳಗೆ ಬಂದ ಔಷಧಿಯನ್ನು ಹೊರಗೆ ತಳ್ಳಬಲ್ಲವು. ಔಷಧಿ ಉಳಿದವನ್ನು ಕೊಲ್ಲುತ್ತದೆ, ಇವು ಬದುಕಿ ಬೆಳೆಯುತ್ತವೆ. ಡೋಸ್ ಅರ್ಧಕ್ಕೆ ನಿಂತರೆ ಇಂಥವಕ್ಕೆ ಇನ್ನೂ ಅನುಕೂಲ. ಸೊಳ್ಳೆ ಅವನ್ನು ಮುಂದಿನ ಮನೆಗೆ ಒಯ್ಯುತ್ತದೆ. ಅದಕ್ಕೇ ಈಗ ಈ ಬಗೆಯ ಮಲೇರಿಯಾಕ್ಕೆ ಎರಡು ಔಷಧಿಗಳನ್ನು ಸೇರಿಸಿ ಕೊಡುತ್ತಾರೆ: ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯಲಿ ಎಂದು.

ಪೀಣ್ಯದ ನಮ್ಮ ಗಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ, ಮನೆಮನೆಯಲ್ಲೂ ಡ್ರಮ್ ಇದೆ. ಇದನ್ನು ಓದಿದ ಮೇಲೆ ನಮ್ಮ ಅಮ್ಮಿಗೆ ಹೇಳಿ ಡ್ರಮ್ಮಿಗೆ ಬಟ್ಟೆ ಕಟ್ಟಿಸಿದೆ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುವುದು ನನ್ನ ಕೆಲಸ. ಜ್ವರ ಬಿಟ್ಟಿತು ಎಂದು ಮಾತ್ರೆ ನಿಲ್ಲಿಸುವ ನಮ್ಮ ಚಾಚಾಗೂ ಈ ಕಥೆ ಹೇಳಿದ್ದೇನೆ. ನೀವೂ ನಿಮ್ಮ ಮನೆಯಲ್ಲಿ ಹೇಳಿ.